ಬರೆದು ಕೊಡಿ ಸಾರ್

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಯಜಮಾನರಿಗೆ ಬೈಯಲು ಬಾಯಿ ಇದೆ, ಬಾಗಿಲು ತೋರಿಸಲು ಬೆರಳಿದೆ. ಪೆನ್ನು ಹಿಡಿಯಬೇಕೆಂದರೆ ಮಾತ್ರ ಆ ಬೆರಳು ಬಗ್ಗುವುದಿಲ್ಲ.

ಚಿಕ್ಕಪೇಟೆಯ ಸೀರೆ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಆರು ವರ್ಷದಿಂದ ಸೀರೆ ಬಿಡಿಸಿ ಮಡಿಸುತ್ತಿರುವ ಹುಡುಗನ ಕೈತಪ್ಪಿ ರೇಷ್ಮೆಯ ಮೇಲೆ ಕಾಫಿ ಚೆಲ್ಲಿತು. 'ಲೇ, ನಾಳೆಯಿಂದ ಈ ಕಡೆ ತಲೆ ಹಾಕಬೇಡ!' ಪಾಪ, ಅವನು ತಲೆ ಹಾಕಲಿಲ್ಲ. ಹತ್ತು ದಿನ ಬಿಟ್ಟು ಮನೆಗೆ ಕಾಗದ ಬಂತು: 'ತಾವು ಯಾವುದೇ ಮುನ್ಸೂಚನೆ ನೀಡದೆ ಗೈರುಹಾಜರಾಗಿದ್ದು, ಸ್ವಇಚ್ಛೆಯಿಂದ ಕೆಲಸ ತೊರೆದಿರುವಿರೆಂದು ಭಾವಿಸಲಾಗಿದೆ.' ಆಹಾ, ಎಂಥ ಶಾಂತಮೂರ್ತಿ! ಬಹುವಚನ ಬೇರೆ.

ಯಜಮಾನರೇಕೆ ಇಷ್ಟು ಸುತ್ತು ಬಳಸುತ್ತಾರೆ? ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಅವರಿಗೂ ಗೊತ್ತು. ಆರು ತಿಂಗಳು ಸತತ ದುಡಿದವನನ್ನು ತೆಗೆಯಲು ಸಮಂಜಸ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟೇ ಸಂಬಳ ಬೇಕು. ದುರ್ನಡತೆ ಎಂದರೆ ನೋಟಿಸ್ ಬೇಡ, ಆದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ಬೆಳಗ್ಗೆ ಬಿಪಿ ಮಾತ್ರೆ ಮರೆತದ್ದು ಸಮಂಜಸ ಕಾರಣವಾದೀತೇ? ತಾನಾಗಿ ಬಿಟ್ಟುಹೋದ ಎಂದುಬಿಟ್ಟರೆ ಈ ಗೋಜೇ ಇಲ್ಲ.

ಸೀರೆಯ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳೋಣವೆಂದರೆ ಅದಕ್ಕೂ ಮೊದಲು ಅವನ ಮಾತು ಕೇಳಬೇಕು. ದಂಡ ಎಂದರಂತೂ ಇನ್ನೂ ಕಷ್ಟ. ವೇತನ ಸಂಹಿತೆ, 2019ರ ಪ್ರಕಾರ ಸರ್ಕಾರ ಒಪ್ಪಿದ ತಪ್ಪುಗಳಿಗಷ್ಟೇ ದಂಡ, ಅದೂ ಸಂಬಳದ ಶೇ 3ರೊಳಗೆ. 18,000 ರೂಪಾಯಿಗೆ 540. ಹೋಗಲಿ, ಅದಾದರೂ ಗಲ್ಲಾಪೆಟ್ಟಿಗೆಗೆ ಬೀಳುತ್ತದೆಯೇ? ಇಲ್ಲ, ನೌಕರರ ಹಿತಕ್ಕೇ ಖರ್ಚಾಗಬೇಕು. ಇಂಥ ಕಾಯ್ದೆ ಓದಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ!

ಬೈಗುಳ ಮಾತ್ರ ಹೆಚ್ಚುಕಡಿಮೆ ಪುಕ್ಕಟೆ. ಕೆಲಸದ ವಿಚಾರಕ್ಕೆ ಮೇಲಿನವರು ಗದರಿದ್ದನ್ನೆಲ್ಲ ಉದ್ದೇಶಪೂರ್ವಕ ಅವಮಾನವೆಂಬ ಅಪರಾಧ ಮಾಡಲಾಗದೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಾಗಿ ಕೂಗಾಟಕ್ಕೆ ಕೋರ್ಟಿಗೆ ಓಡುವುದಕ್ಕಿಂತ ಕೂಗಾಟದ ನಂತರದ ಕಾಗದಪತ್ರದ ಮೇಲೆ ಕಣ್ಣಿಡುವುದು ಲೇಸು.

ಟೆಕ್ ಪಾರ್ಕಿನವರು ನಗಬೇಡಿ. ನಿಮ್ಮಲ್ಲಿ ಯಾರೂ ಲೇ ಅನ್ನುವುದಿಲ್ಲ. ಎಸಿ ರೂಮಿಗೆ ಕರೆದು, ನೀರಿನ ಬಾಟಲಿ ಮುಂದಿಟ್ಟು, 'ನೀವೇ ರಿಸೈನ್ ಮಾಡಿದರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ' ಎನ್ನುತ್ತಾರೆ. ಅಲ್ಲೇ ಸಹಿ ಹಾಕಿದಿರೋ, ಕೆಲಸದಿಂದ ತೆಗೆದರು ಎಂದು ಆಮೇಲೆ ಸಾಬೀತು ಮಾಡುವ ಭಾರ ನಿಮ್ಮದೇ. ಒಂದು ದಿನ ಟೈಮ್ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಸೀರೆ ಅಂಗಡಿಯ ಹುಡುಗ ಕೊಂಚ ಜಾಣನಾಗಿದ್ದಿದ್ದರೆ? ಮರುದಿನ ಷಟರ್ ಏಳುವ ಹೊತ್ತಿಗೆ ಅಲ್ಲೇ ನಿಂತು ವಾಟ್ಸಾಪ್ ಕಳಿಸುತ್ತಿದ್ದ: 'ಸಾರ್, ನಿನ್ನೆ ಬರಬೇಡ ಅಂದ್ರಿ. ಅಂಗಡಿ ಮುಂದೆ ಇದ್ದೀನಿ. ತೆಗೆದಿದ್ರೆ ಬರೆದು ಕೊಡಿ. ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡ್ಬೇಕಂತೆ.' ಎರಡು ನೀಲಿ ಟಿಕ್. ಹಿಂದೆಯೇ ಫೋನು: 'ಏನಪ್ಪಾ ಇದು? ನೀನು ನಮ್ಮನೆ ಮಗ ಇದ್ದ ಹಾಗೆ. ಮನೆಯೋರ ಮಧ್ಯೆ ಬರವಣಿಗೆ ಎಲ್ಲ ಯಾಕೆ? ಒಳಗೆ ಬಾ, ಕಾಫಿ ಕುಡಿ.'

ಕುಡಿಯಲಿ. 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ ಮನೆ ಮಗನಿಗೆ ಆರು ವರ್ಷದಿಂದ ಪಿಎಫ್ ಯಾಕೆ ಕಟ್ಟಿಲ್ಲ ಎಂದು ಮುಂದಿನ ವಾಟ್ಸಾಪಿನಲ್ಲಿ ಕೇಳಬಹುದು.