ರೀಚಾರ್ಜ್‌ಮಾನ ಪಂಚಾಂಗ: ಒಂದು ಪ್ರವೇಶಿಕೆ

ಚಾಂದ್ರಮಾನ, ಸೌರಮಾನ ಎಂಬ ಎರಡನ್ನೇ ಗುರುತಿಸಿ ಕೈತೊಳೆದುಕೊಂಡಿರುವ ನಮ್ಮ ವಿದ್ವತ್ ಪರಂಪರೆಯು ಮೊಬೈಲೋತ್ತರ ಯುಗದ ಮೂರನೆಯ ಕಾಲಮಾನವನ್ನು ಅಕ್ಷಮ್ಯವಾಗಿ ಕಡೆಗಣಿಸಿದೆ. ಅದುವೇ ರೀಚಾರ್ಜ್‌ಮಾನ. ಸದರಿ ಮಾನದ ತಾತ್ವಿಕ ನೆಲೆಗಳನ್ನು ಗ್ರಾಹಕನಿಷ್ಠ ಸಂಕಥನದ ಪರಿಪ್ರೇಕ್ಷ್ಯದಲ್ಲಿ ಬಹುಶಿಸ್ತೀಯವಾಗಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ಆಶಯ. ಇದರ ಅರ್ಥವೇನೆಂದು ಕೇಳಬಾರದು. ಪ್ಲಾನಿನ ಷರತ್ತುಗಳಿಗೂ ನಾವು ಕೇಳದೆಯೇ ಒಪ್ಪಿಗೆ ಒತ್ತುತ್ತೇವೆ.

ರೀಚಾರ್ಜ್‌ಮಾನದ ಮಾಸಕ್ಕೆ 28 ದಿನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಬರಲು ಚಂದ್ರನಿಗೇ ಇಪ್ಪತ್ತೊಂಬತ್ತೂವರೆ ದಿನ ಹಿಡಿಯುತ್ತದೆ. ಕಂಪನಿ ಅವನಿಗಿಂತ ಚುರುಕು. ಹದಿಮೂರು ಇಪ್ಪತ್ತೆಂಟಲೆ 364. ಅಂದರೆ ವರ್ಷಕ್ಕೆ ಸಂಬಳ 12, ರೀಚಾರ್ಜ್ 13. ಚಾಂದ್ರಮಾನದಲ್ಲಿ ಅಧಿಕಮಾಸ ಎರಡು ಮೂರು ವರ್ಷಕ್ಕೊಮ್ಮೆ ಬಂದರೆ ಇಲ್ಲಿ ಪ್ರತಿವರ್ಷವೂ ಉಂಟು. ಅಧಿಕಮಾಸದಲ್ಲಿ ಉತ್ತರ ಕರ್ನಾಟಕದ ಕಡೆ ಅಳಿಯನನ್ನು ಕರೆದು ಉಡುಗೊರೆ ಕೊಟ್ಟು ಸತ್ಕರಿಸುತ್ತಾರೆ. ನಮ್ಮ ಈ ಅಳಿಯ ಕರೆಯದೆಯೇ ಬರುತ್ತಾನೆ. ಬರುವ ಮುಂಚೆ ದಿನವೂ ಮೆಸೇಜು ಕಳಿಸಿ ಉಡುಗೊರೆಯ ಮೊತ್ತವನ್ನೂ ತಾನೇ ತಿಳಿಸುತ್ತಾನೆ.

ಚಾರಿತ್ರಿಕ ಹಿನ್ನೆಲೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ದೂರಸಂಪರ್ಕ ಸಚಿವ ಸುಖ್ ರಾಮ್ ಅವರೊಂದಿಗೆ ಮಾತಾಡಿದ್ದು ಈ ದೇಶದ ಮೊಬೈಲ್ ಆದಿಕರೆ. ಆ ಯುಗದಲ್ಲಿ ಬಂದ ಕರೆಗೂ ದುಡ್ಡು. 2003ರಲ್ಲಿ ಒಳಬರುವ ಕರೆ ಉಚಿತವಾಗಿ ಮಿಸ್ಡ್‌ಕಾಲ್ ಸಂಸ್ಕೃತಿ ಪ್ರವರ್ಧಮಾನಕ್ಕೆ ಬಂತು. ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು ತಿಂಗಳುಗಟ್ಟಲೆ ಬಾಳಿದವರು ಇನ್ನೂ ನಮ್ಮ ನಡುವೆ ಬದುಕಿದ್ದಾರೆ. 2018ರ ಕೊನೆಗೆ ಕನಿಷ್ಠ ರೀಚಾರ್ಜ್ ಎಂಬ ಸೂತ್ರ ಬಂತು: 28 ದಿನಕ್ಕೊಮ್ಮೆ ₹35 ಕಟ್ಟದಿದ್ದರೆ ಬರುವ ಕರೆಯೂ ಬಂದ್. ಆ ಮೂವತ್ತೈದು ಈಗ ಎಲ್ಲಿಗೆ ಮುಟ್ಟಿದೆಯೆಂದು ನಿಮಗೇ ಗೊತ್ತು. 2024ರ ಜುಲೈಯಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದೇ ವಾರದಲ್ಲಿ ದರ ಏರಿಸಿದವು. ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಆರೋಗ್ಯಕರ ಸ್ಪರ್ಧೆ ಎಂದು ಹೆಸರು.

ಇನ್ನು ಗ್ರಾಹಕರಲ್ಲಿ ಐದು ಪ್ರಭೇದ. ಅ) ಡೇಟಾಭೋಜಿ: ದಿನದ ಒಂದೂವರೆ ಜಿಬಿ ಹಾಳಾಗಬಾರದೆಂದು ರಾತ್ರಿ ಹನ್ನೆರಡರವರೆಗೆ ಕಣ್ಣುಜ್ಜಿಕೊಂಡು ರೀಲ್ಸ್ ನೋಡುವವನು. ಆ) ದ್ವಿಸಿಮಿ: ಬ್ಯಾಂಕಿನ ಓಟಿಪಿಗೆಂದೇ ಇನ್ನೊಂದು ಸಿಮ್ ಸಾಕಿಕೊಂಡವನು. ಇ) ಬರೀ ಕೇಳುವವರು.

ಉಳಿದೆರಡು ಪ್ರಭೇದ ಇರಲಿ. ಈ ಮೂರನೆಯದರಲ್ಲಿ ನಮ್ಮ ದೊಡ್ಡಮ್ಮ ಇದ್ದಾಳೆ. ಅವಳದು ಗುಂಡಿ ಒತ್ತುವ ಫೋನು. ಗುರುತು ಸಿಗಲೆಂದು ಮೊಮ್ಮಗಳು ಹಸಿರು ಗುಂಡಿಗೆ ನೈಲ್‌ಪಾಲಿಶ್ ಬಳಿದಿದ್ದಾಳೆ. ದೊಡ್ಡಮ್ಮ ತಾನಾಗಿ ಯಾರಿಗೂ ಮಾಡುವುದಿಲ್ಲ, ಬಂದರೆ ಎತ್ತುತ್ತಾಳೆ, ಅಷ್ಟೆ. ಅವಳಿಗೆ ದಿನಕ್ಕೆ ನೂರು ಎಸ್ಸೆಮ್ಮೆಸ್ ಯಾಕೆ? ಜಿಬಿ ಯಾಕೆ? ಪ್ಲಾನ್ ಮುಗಿಯಿತೆಂಬ ಮೆಸೇಜು ಬಂದದ್ದು ಇಂಗ್ಲಿಷಿನಲ್ಲಿ. ಮೊದಲು ಹೊರಹೋಗುವ ಕರೆ ನಿಂತಿತು, ಅದು ಅವಳ ಗಮನಕ್ಕೇ ಬರಲಿಲ್ಲ. ಆಮೇಲೆ ಬರುವುದೂ ನಿಂತಿತು. ಅಲ್ಲಿ ಮಕ್ಕಳು ಅಮ್ಮನಿಗೆ ಏನಾಯಿತೋ ಎಂದು ಗಾಬರಿಬಿದ್ದಿದ್ದರೆ, ಇಲ್ಲಿ ಅವಳು "ಯಾರಿಗೂ ನಾನು ಬೇಡವಾದೆ ನೋಡು" ಎಂದು ನೆರೆಯವರ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಂಧ್ಯಾ ಸುರಕ್ಷಾ ಪಿಂಚಣಿ ಅವಳಿಗೆ ತಿಂಗಳಿಗೆ 1200 ರೂಪಾಯಿ. ಆ ತಿಂಗಳು ಕ್ಯಾಲೆಂಡರಿನ ತಿಂಗಳು, 28 ದಿನದ್ದಲ್ಲ. ನೋಡದ ವಿಡಿಯೋಗೆ, ಕಳಿಸದ ಮೆಸೇಜಿಗೆ ಆ ದುಡ್ಡಿನಿಂದ ಕಿತ್ತುಕೊಳ್ಳುವವರಿಗೆ ನಾಚಿಕೆಯಾಗಬೇಕು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸುಮ್ಮನೆ ಕೂತಿಲ್ಲ. ಪೂರ್ತಿ 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವುದೊಂದು ಪ್ಲಾನ್ ಇರಲೇಬೇಕೆಂದು 2022ರಲ್ಲಿ ಆದೇಶಿಸಿತು. ಡೇಟಾ ಬೇಡದವರಿಗೆ ಬರೀ ಮಾತು, ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಹೇಳಿತು. ಕಂಪನಿಗಳು ಕೊಟ್ಟವು. ಜಿಯೋ ಕೊಟ್ಟದ್ದು ಒಂದು 84 ದಿನದ್ದು, ಇನ್ನೊಂದು 336 ದಿನದ್ದು. ಎರಡನ್ನೂ 28ರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ.

ಆದರೂ ಊರಲ್ಲಿ ವಯಸ್ಸಾದವರಿದ್ದರೆ ಅಂಗಡಿಯವನು ಹೇಳಿದ ಪ್ಲಾನ್ ಹಾಕಿಸಬೇಡಿ. ಡೇಟಾ ಇಲ್ಲದ ಪ್ಯಾಕ್ ಯಾವುದಿದೆ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವನಾಗಿ ಹೇಳುವುದಿಲ್ಲ.