ಸನ್ಮಾನ ನಿರ್ಣಯದ ಮುದ್ರೆ ಕುರಿತು

ಅಮೆರಿಕದ ರಾಜ್ಯ ಶಾಸನಸಭೆಗಳ ಮಾನ್ಯ ಸದಸ್ಯರಿಗೆ,

ಧರ್ಮಗುರುಗಳು ಯಾವ ಪಂಥದವರೇ ಆಗಲಿ, ಅವರ ಸೇವೆಯನ್ನು ಕೊಂಡಾಡಿ ನಿರ್ಣಯ ಅಂಗೀಕರಿಸುವ ನಿಮ್ಮ ಧಾರಾಳತನಕ್ಕೆ ಮನಸೋತು ಬರೆಯುತ್ತಿದ್ದೇನೆ. ಬಜೆಟ್ ಬಂದಾಗ ಹಾವು ಮುಂಗುಸಿಯಂತಿರುವ ನೀವು ಇಂಥದಕ್ಕೆ ಮಾತ್ರ ಪಕ್ಷಭೇದ ಮರೆತು ಒಕ್ಕೊರಲಿನಿಂದ ‘ಹೂಂ’ ಎನ್ನುತ್ತೀರಿ. ಅದಕ್ಕೆ ಕಾನೂನಿನ ಬಲವಿಲ್ಲ, ಖಜಾನೆಗೆ ಹೊರೆಯಿಲ್ಲ, ಕ್ಷೇತ್ರದ ಭಕ್ತರಿಗೆ ಖುಷಿ.

ನಮ್ಮಲ್ಲಿ ಇಷ್ಟು ಸಲೀಸಿಲ್ಲ. ಬಿನ್ನವತ್ತಳೆ ಎಷ್ಟೇ ಉದ್ದವಿರಲಿ, ಮೈಕಿನಲ್ಲಿ ಪೂರ್ತಿ ಓದಲೇಬೇಕು. ಪ್ರಸಾದಕ್ಕೆ ಎದ್ದವರೂ ಮತ್ತೆ ಕೂರಬೇಕು. ನಿಮಗೆ ಓದುವ ಕಾಟವೇ ಇಲ್ಲವೆಂದು ಟೆಕ್ಸಾಸಿನ ಶಾಸಕ ಟಾಮ್ ಮೂರ್ 1971ರಲ್ಲೇ ತೋರಿಸಿಕೊಟ್ಟರು. ಬಾಸ್ಟನ್ನಿನಲ್ಲಿ ಹೆಂಗಸರ ಕತ್ತು ಹಿಸುಕಿ ಕೊಂದೆನೆಂದು ಒಪ್ಪಿಕೊಂಡಿದ್ದ ಆಲ್ಬರ್ಟ್ ಡಿಸಾಲ್ವೊ ಜನಸಂಖ್ಯಾ ನಿಯಂತ್ರಣಕ್ಕೆ ಸಲ್ಲಿಸಿದ ಸೇವೆಯನ್ನು ಹೊಗಳುವ ನಿರ್ಣಯವನ್ನು ತಮಾಷೆಗೆಂದು ಮಂಡಿಸಿದರು. ಸದನ ಸರ್ವಾನುಮತದಿಂದ ಒಪ್ಪಿತು. ಆತ ಧರ್ಮಗುರುವಲ್ಲ, ನಿಜ. ಆದರೆ ಅದನ್ನು ತಿಳಿಯಲೂ ಓದಬೇಕಿತ್ತಲ್ಲ!

ಇಲಿನಾಯ್ ಸದನದವರು ಓದಿಯೇ ಕೈ ಎತ್ತಿರಬಹುದು. 1972ರಲ್ಲಿ ಮಹರ್ಷಿ ಮಹೇಶ್ ಯೋಗಿಯವರ ಧ್ಯಾನವಿದ್ಯೆಯನ್ನು ಶಿಕ್ಷಣ ಸಂಸ್ಥೆಗಳಿಗೆ ಶಿಫಾರಸು ಮಾಡಿದರು. ಇದು ಧರ್ಮವಲ್ಲ, ವಿಜ್ಞಾನ ಎಂದು ಮಹರ್ಷಿಗಳ ಕಡೆಯವರು ಹೇಳುತ್ತಿದ್ದರು. ವಿಜ್ಞಾನ ಎಂದಮೇಲೆ ಇನ್ನೇನು ಕೇಳುವುದು? ಐದು ವರ್ಷದ ಬಳಿಕ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ ಇದು ಧರ್ಮವೇ, ಸರ್ಕಾರಿ ಶಾಲೆಯಲ್ಲಿ ಕಲಿಸಕೂಡದು ಎಂದುಬಿಟ್ಟಿತು. ಮಂತ್ರ ಕೊಡುವ ಮುನ್ನ ನಡೆಯುತ್ತಿದ್ದ ಪೂಜೆಗೆ ವಿದ್ಯಾರ್ಥಿಗಳು ಹಣ್ಣು, ಹೂವು, ಬಿಳಿ ಕರವಸ್ತ್ರ ತರಬೇಕಿತ್ತು. ಆ ಪೂಜೆಯ ಶ್ಲೋಕಗಳ ಅರ್ಥವನ್ನು ನ್ಯಾಯಾಧೀಶರು ಕೂತು ಓದಿದ್ದರು. ಓದಿದರೆ ಆಗುವ ತೊಂದರೆಯೇ ಇದು.

2023ರ ಜನವರಿಯಲ್ಲಿ ಅದೇ ನ್ಯೂಜೆರ್ಸಿಯ ನ್ಯೂಅರ್ಕ್ ನಗರಾಡಳಿತ ನಮ್ಮ ಬಿಡದಿಯ ನಿತ್ಯಾನಂದನ ‘ಕೈಲಾಸ’ದೊಡನೆ ಸೋದರ ನಗರ ಸಂಬಂಧ ಬೆಳೆಸಿ, ಕೆಲವೇ ದಿನಗಳಲ್ಲಿ ಕಡಿದುಕೊಂಡಿತು. ಅತ್ಯಾಚಾರ ಪ್ರಕರಣದ ಆರೋಪಿಯಾಗಿ ರಾಮನಗರ ನ್ಯಾಯಾಲಯಕ್ಕೆ ಬೇಕಾದವನ ದೇಶವದು. ನಕ್ಷೆಯಲ್ಲಿ ಇನ್ನೂ ಬಂದಿಲ್ಲ. ರಾಜ್ಯದ ದಾರಿಯಲ್ಲೇ ನಗರವೂ ನಡೆಯುತ್ತಿರುವುದು ಸಂತೋಷ.

ಹೀಗೆಂದು ಈ ಪದ್ಧತಿ ಬಿಡಬೇಡಿ. ನಿಮಗೆ ಅರ್ಧ ನಿಮಿಷದ ಕೆಲಸ, ನಿರ್ಣಯ ಇಲ್ಲಿಗೆ ಬರುವಷ್ಟರಲ್ಲಿ ‘ಅಮೆರಿಕ ಸರ್ಕಾರದಿಂದ ಪರಮಪೂಜ್ಯರಿಗೆ ಗೌರವ’ ಎಂಬ ಫ್ಲೆಕ್ಸ್ ಆಗಿರುತ್ತದೆ. ಯಾವ ರಾಜ್ಯ, ಯಾವ ಸದನ ಎಂದು ಸರ್ಕಲ್ಲಿನಲ್ಲಿ ಯಾರೂ ಕೇಳುವುದಿಲ್ಲ. ಒಂದೇ ಬಿನ್ನಹ: ನಿರ್ಣಯ ಪತ್ರದ ಹೊಂಬಣ್ಣದ ಮುದ್ರೆ ಇನ್ನಷ್ಟು ದೊಡ್ಡದಿರಲಿ. ಶುಭ ಕೋರುವ ಸ್ಥಳೀಯ ಮುಖಂಡರ ಫೋಟೊಗಳ ನಡುವೆ ಅದು ಕಾಣುತ್ತಲೇ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಫ್ಲೆಕ್ಸ್ ಓದುಗ