ತುತ್ತು ಎಣಿಸಬೇಡ ಕಣಮ್ಮ

ಆ ಬಟ್ಟಲು ಕಾಂಪೌಂಡಿನ ಮೇಲಿಟ್ಟು ಸ್ವಲ್ಪ ಹೊತ್ತು ನಿಂತ್ಕೋ ಬಾ. ಮಗು ಅಲ್ಲೇ ಆಡ್ತಿರಲಿ, ನನ್ನ ಕಣ್ಣೆದುರೇ ಇದೆ.

"ಏನೂ ತಿನ್ನಲ್ಲ ಆಂಟಿ" ಅಂತೀಯ. ಸರಿ, ನಿನ್ನೆ ಹೊಟ್ಟೆಗೆ ಏನೇನು ಹೋಯ್ತು, ಹೇಳು ನೋಡೋಣ. ಎದ್ದ ಕೂಡಲೇ ಒಂದು ಲೋಟ ಹಾಲು. ಆಮೇಲೆ ಅರ್ಧ ಇಡ್ಲಿ. ತಾತ ವಾಕಿಂಗ್ ಮುಗಿಸಿ ಬಂದಾಗ ಎರಡು ಬಿಸ್ಕತ್ತು. ಮಧ್ಯಾಹ್ನ ಅನ್ನ ಬೇಡ ಅಂತು, ಖಾಲಿ ಹೊಟ್ಟೇಲಿ ಇರಬಾರದು ಅಂತ ಇನ್ನೊಂದು ಲೋಟ ಹಾಲು. ಸಂಜೆ ಅಂಗಡಿ ಪೊಟ್ಟಣ. ಮಲಗೋವಾಗ ಮತ್ತೆ ಹಾಲು. ಇದರ ನಡುವೆ ಹಸಿಯೋಕೆ ಅದಕ್ಕೆ ಪುರುಸೊತ್ತು ಎಲ್ಲಿತ್ತಮ್ಮ?

ಹಾಲು ಬೇಡ ಅಂತಲ್ಲ. ವರ್ಷ ದಾಟಿದ ಮಗುವಿಗೆ ದಿನಕ್ಕೆ ಎರಡು ಲೋಟ ಸಾಕು. ಅರ್ಧ ಲೀಟರು ಮೀರಬಾರದು. ಹಾಲಿನಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಹಾಲಲ್ಲೇ ಹೊಟ್ಟೆ ತುಂಬಿದ ಮಗು ಬೇಳೆ, ಸೊಪ್ಪು, ಮೊಟ್ಟೆ ಮುಟ್ಟಲ್ಲ. ರಕ್ತ ಕಡಿಮೆಯಾಗುತ್ತೆ, ರಕ್ತ ಕಡಿಮೆಯಾದರೆ ಹಸಿವೂ ಕುಂದುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ. ಕರ್ನಾಟಕದ್ದೂ ಹೆಚ್ಚುಕಡಿಮೆ ಅಷ್ಟೇ. ಬಡವರ ಮನೆ ಮಕ್ಕಳಿಗೆ ಮಾತ್ರ ಅಂದ್ಕೋಬೇಡ. ಕೆನ್ನೆ ತುಂಬಿಕೊಂಡಿದ್ದರೂ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿಕೊಂಡಿರೋ ಮಕ್ಕಳನ್ನ ಅಂಗನವಾಡಿಯಲ್ಲಿದ್ದಾಗ ಎಷ್ಟೋ ನೋಡಿದೀನಿ.

ಏನಂದೆ? ಮೊದಲು ಚೆನ್ನಾಗಿ ತಿಂತಿತ್ತು, ಈಗ ಬಿಟ್ಟುಬಿಟ್ಟಿದೆ ಅಂತಲಾ? ಬಿಡಲೇಬೇಕು. ಹುಟ್ಟಿದಾಗ ಮೂರು ಕಿಲೋ ಇದ್ದ ಕೂಸು ವರ್ಷ ತುಂಬೋ ಹೊತ್ತಿಗೆ ಒಂಬತ್ತು ಕಿಲೋ ಆಗುತ್ತೆ. ಎರಡನೇ ವರ್ಷವಿಡೀ ಸೇರೋದು ಎರಡು, ಎರಡೂವರೆ ಕಿಲೋ. ಬೆಳೆಯೋ ವೇಗ ಅಷ್ಟು ಇಳಿದ ಮೇಲೆ ಹಸಿವು ಮೊದಲಿನ ಹಾಗೇ ಇರುತ್ತಾ? ನಾವು ಮಾತ್ರ ತುತ್ತು ಎಣಿಸ್ತಾ ಕೂರ್ತೀವಿ. ಒಂದು ಊಟದ ಲೆಕ್ಕ ಹಿಡೀಬೇಡ, ಒಂದು ವಾರದ್ದು ನೋಡು. ಸೋಮವಾರ ಬಿಟ್ಟಿದ್ದನ್ನ ಬುಧವಾರ ಕೇಳಿ ಹಾಕಿಸಿಕೊಳ್ಳುತ್ತೆ.

ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಅಂತ ಮಕ್ಕಳ ಡಾಕ್ಟರು ಇದ್ದರು. 1926ರಲ್ಲಿ ಶುರುಮಾಡಿ ಕೆಲವು ವರ್ಷ, ಆಗಷ್ಟೇ ಎದೆಹಾಲು ಬಿಟ್ಟ 15 ಕೂಸುಗಳ ಊಟವನ್ನ ಅವಕ್ಕೇ ಬಿಟ್ಟು ನೋಡಿದರು. ಒಟ್ಟು 34 ಬಗೆಯ ಆಹಾರ: ಹಾಲು, ಮೊಟ್ಟೆ, ಮಾಂಸ, ಕಾಳು, ಗಡ್ಡೆ, ಹಣ್ಣು. ದಾದಿ ಚಮಚ ಹಿಡಿದು ಸುಮ್ಮನೆ ಕೂರಬೇಕು. ಕೂಸು ಕೈ ತೋರಿಸಿದ್ದನ್ನ ಮಾತ್ರ ಕೊಡಬೇಕು. ತಿಂದರೆ ಶಭಾಷ್ ಅನ್ನೋ ಹಾಗಿಲ್ಲ, ಬಿಟ್ಟರೆ ಗದರೋ ಹಾಗಿಲ್ಲ. ಒಂದೊಂದು ದಿನ ಒಂದೊಂದರ ಮೇಲೆ ಬಿದ್ದು ತಿಂದರೂ ಕೊನೆಗೆ ಎಲ್ಲವೂ ಗಟ್ಟಿಮುಟ್ಟಾಗಿ ಬೆಳೆದವು. ಆದರೆ ಆ 34ರಲ್ಲಿ ಸಕ್ಕರೆ ಇರಲಿಲ್ಲ, ಡಬ್ಬಿ ತಿಂಡಿ ಇರಲಿಲ್ಲ. ಗುಟ್ಟು ಅಲ್ಲಿರೋದು ಅಂತ ಡೇವಿಸ್ ಅವರೇ ಹೇಳಿದ್ದರು. ಮುಂದೆ ಏನಿಡಬೇಕು ಅನ್ನೋದು ದೊಡ್ಡವರ ಕೆಲಸ, ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಕೆಲಸ. ನಾವು ಉಲ್ಟಾ ಮಾಡ್ತಿದೀವಿ. ಏನು ಬೇಕು ಪುಟ್ಟಾ ಅಂತ ಮಗುವನ್ನ ಕೇಳ್ತೀವಿ, ಎಷ್ಟು ಅನ್ನೋದನ್ನ ಬಲವಂತದಿಂದ ನಾವು ತೀರ್ಮಾನಿಸ್ತೀವಿ.

ಮೊಬೈಲ್ ತೋರಿಸಿದರೆ ಬಾಯಿ ತೆಗೆಯುತ್ತೆ, ನಿಜ. ಹಿಂದೆ ಚಂದಮಾಮನ್ನ ತೋರಿಸ್ತಿರಲಿಲ್ವಾ ಅಂತ ನಿಮ್ಮತ್ತೆ ಕೇಳಿದ್ದೂ ಕೇಳಿಸ್ತು. ಚಂದಮಾಮನ್ನ ತೋರಿಸೋವಾಗ ತಾಯಿ ಮಗುವಿನ ಮುಖ ನೋಡ್ತಿದ್ದಳು, ಮಗು ಸಾಕು ಅಂದರೆ ಗೊತ್ತಾಗ್ತಿತ್ತು. ಮೊಬೈಲ್ ಮುಂದೆ ಕೂತ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತನಗೇ ತಿಳಿಯಲ್ಲ. ಸಾಕು ಅನ್ನೋದು ಮಗು ಹುಟ್ಟುವಾಗಲೇ ಪಡೆದುಕೊಂಡು ಬಂದ ತಿಳಿವಳಿಕೆ. ಅದನ್ನ ನಾವೇ ಅಳಿಸಬಾರದು.

ಹೀರೇಕಾಯಿ ಉಗಿದುಬಿಡ್ತಾ? ಉಗೀಲಿ ಬಿಡು. ಈ ವಯಸ್ಸಿನಲ್ಲಿ ಹೊಸದು ಅಂದರೆ ಭಯ. ಹತ್ತು, ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ನಾಲಿಗೆಗೆ ಒಗ್ಗುತ್ತೆ. ಒಂದು ಚೂರು ಇಡು, ಮಾತಾಡಬೇಡ. "ಇದು ತಿಂದರೆ ಚಾಕಲೇಟು" ಅಂತ ಮಾತ್ರ ಆಸೆ ತೋರಿಸಬೇಡ. ಹಾಗಂದರೆ ಹೀರೇಕಾಯಿ ಶಿಕ್ಷೆ, ಚಾಕಲೇಟು ಬಹುಮಾನ ಅಂತ ನೀನೇ ಕಲಿಸಿದ ಹಾಗಾಗುತ್ತೆ.

ರಾಗಿ ಸರಿ ಈಗಲೂ ಮಾಡ್ತೀಯಲ್ಲ, ಒಳ್ಳೇದು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸ್ತಿದ್ದ ನಮ್ಮ ಹಿರಿಯರು ಸುಮ್ಮನೆ ಅಷ್ಟು ಕಷ್ಟಪಡಲಿಲ್ಲ. ಮೊಳಕೆಯೊಡೆದ ರಾಗಿಯ ಗಂಜಿ ಬೇಗ ಗಟ್ಟಿಯಾಗಲ್ಲ, ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಕೂಸು ಸಲೀಸಾಗಿ ನುಂಗುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ನಿನ್ನ ಮಗುವಿಗೆ ಒಂದೂವರೆ ವರ್ಷ, ಹಲ್ಲು ಬಂದಿವೆ. ಇನ್ನೂ ಎಲ್ಲಾನೂ ಮಿಕ್ಸಿಗೆ ಹಾಕಿದರೆ ಅಗಿಯೋದನ್ನ ಯಾವಾಗ ಕಲಿಯೋದು? ಬೇಳೆ ಕಟ್ಟು ಸಾಲದು, ಬೇಳೆಯನ್ನೇ ಕಿವುಚಿ ಕೊಡು. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಮಾತ್ರ ಕೈಗೆ ಕೊಡಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಬೀಜ ಪುಡಿ ಮಾಡಿ ಹಾಕು, ದ್ರಾಕ್ಷಿ ಉದ್ದಕ್ಕೆ ಸೀಳಿ ಕೊಡು.

ಮಗುವಿಗೆ ಅಂತ ಬೇರೆ ಅಡುಗೆಯೂ ಬೇಡ. ಉಪ್ಸಾರು ಮಾಡು. ಕಾಳು, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತೆ, ಖಾರ ಹೇಗೂ ಬೇರೆ. ಉಪ್ಪು ಹಾಕೋ ಮೊದಲು ಮಗುವಿನ ಪಾಲು ತೆಗೆದಿಡು. ಮೆತ್ತಗಿನ ಮುದ್ದೆ ಗೋಲಿಯಷ್ಟು ಮುರಿದು, ತುಪ್ಪ ಸವರಿ ತಟ್ಟೆಗೆ ಹಾಕು. ಒಂದು ಹನಿ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಬಾಳೆಹಣ್ಣೋ ಬೇಯಿಸಿದ ಗೆಣಸೋ ಮೊಟ್ಟೆಯೋ. ಅದರ ನಡುವೆ ನೀರು ಬಿಟ್ಟು ಬೇರೇನೂ ಬೇಡ. ತಾತನಿಗೂ ಹೇಳು, ಬಿಸ್ಕತ್ತಿನ ಬದಲು ಅವರ ಕೈಯಲ್ಲೇ ಹಣ್ಣು ಕೊಡಿಸು. ಅವರಿಗೂ ಕೊಟ್ಟ ಸಂತೋಷ ಇರಬೇಕಲ್ಲ.

ಕಾಳಜಿ ಬಿಟ್ಟುಬಿಡು ಅಂತ ನಾನು ಹೇಳ್ತಿಲ್ಲ. 1975ರಲ್ಲಿ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. ಇವತ್ತಿಗೂ ಅಂಗನವಾಡಿಯಲ್ಲಿ ಮಕ್ಕಳನ್ನ ತೂಗಿ ಬರೆದಿಡೋದು ಈ ಕಾಳಜಿಗೇ. ತಾಯಿ ಕಾರ್ಡಿನಲ್ಲಿರೋ ತೂಕದ ಗೆರೆ ಮೇಲೇರ್ತಾ ಇದ್ದು, ಮಗು ಓಡಾಡಿಕೊಂಡು ನಗ್ತಾ ಇದ್ದರೆ ಊಟ ಸಾಲ್ತಾ ಇದೆ ಅಂತಲೇ ಅರ್ಥ. ತೂಕ ತಿಂಗಳುಗಟ್ಟಲೆ ನಿಂತರೆ, ಮಗು ಸೊರಗಿ ಬಿಳಿಚಿಕೊಂಡರೆ, ನುಂಗೋಕೆ ಕಷ್ಟಪಟ್ಟರೆ ತಡ ಮಾಡದೆ ಡಾಕ್ಟರಿಗೆ ತೋರಿಸು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ನೀನು ಊಟ ಮಾಡೋದನ್ನ ಆ ಮಗು ಯಾವತ್ತಾದರೂ ನೋಡಿದೆಯಾ? ಎಲ್ಲರದ್ದೂ ಆಗಿ, ಅದು ಮಲಗಿದ ಮೇಲೆ ನೀನು ಅಡುಗೆಮನೆಯಲ್ಲಿ ನಿಂತುಕೊಂಡೇ ಆರಿದ್ದನ್ನ ತಿಂತೀಯ. ಮಕ್ಕಳು ತಿನ್ನೋದನ್ನ ಕಲಿಯೋದು ತಿನ್ನೋರನ್ನ ನೋಡಿ. ಸೊಪ್ಪು ಒಳ್ಳೇದು ಅಂತ ನೂರು ಸಲ ಹೇಳೋದಕ್ಕಿಂತ, ಅಮ್ಮ ಸೊಪ್ಪಿನ ತುತ್ತು ಇಷ್ಟಪಟ್ಟು ತಿನ್ನೋದನ್ನ ಅದು ದಿನಾ ನೋಡಲಿ. ನಿನ್ನ ಮೈಯಲ್ಲೂ ರಕ್ತ ಬೇಕಲ್ಲ ತಾಯಿ!

ಇವತ್ತು ರಾತ್ರಿ ಎಲ್ಲರೂ ಒಟ್ಟಿಗೆ ಚಾಪೆ ಹಾಕಿ ಕೂತ್ಕೊಳ್ಳಿ. ಮಗುವಿಗೂ ಒಂದು ತಟ್ಟೆ. ಕೈ ಹಾಕಲಿ, ಚೆಲ್ಲಲಿ, ಮೂಗಿಗೆ ಮೆತ್ತಿಕೊಳ್ಳಲಿ. ಒರೆಸೋಕೆ ಬಟ್ಟೆ ಇದೆ. ನೀನು ಅದರ ಬಾಯಿ ನೋಡೋದು ಬಿಟ್ಟು ನಿನ್ನ ಊಟ ಬಿಸಿಯಾಗಿ ಮಾಡು.